ಬಣ್ಣ ಕಳಚಿದ ಬಳಿಕ

ತಿರುಪತಿಗೆ ಹೋದ ಆಂಧ್ರದ ಯಾತ್ರಿಕರಲ್ಲಿ ಅನೇಕರು ಬೆಟ್ಟವಿಳಿದೊಡನೆ ಊರಿಗೆ ಮರಳದೆ, ಮದರಾಸಿಗೆ ಹೋಗಿ ನಟರೊಬ್ಬರ ಮನೆಯ ಮುಂದೆ ದರ್ಶನಕ್ಕಾಗಿ ಕಾದು ನಿಲ್ಲುತ್ತಿದ್ದ ಕಾಲವೊಂದಿದ್ದಿತು. ಆ ನಟರು ನಂದಮೂರಿ ತಾರಕ ರಾಮರಾಯರು. ೧೯೫೭ರ ‘ಮಾಯಾಬಜಾರ್’ ಚಿತ್ರದಲ್ಲಿ ಅವರು ಶ್ರೀಕೃಷ್ಣನಾಗಿ ಕಾಣಿಸಿಕೊಂಡ ಮೇಲೆ, ತೆಲುಗರ ಎಷ್ಟೋ ಮನೆಗಳಲ್ಲಿ ಕೃಷ್ಣನೆಂದರೆ ಅವರ ಮುಖವೇ ಕಣ್ಣಿಗೆ ಕಟ್ಟುವಂತಾಯಿತು. ಇಂಥವರು ರಾಜ್ಯವಾಳಲು ಹೊರಟಾಗ, ದೇವರ ವೇಷಕ್ಕೆ ಹೆಂಗಸರು ಮರುಳಾದರೆಂದು ತಿಳಿದವರು ನಕ್ಕುದುಂಟು. ಆ ಮಾತನ್ನು ನಾವು ಒಪ್ಪಲಾರೆವು.

ಕೃಷ್ಣಾ ಜಿಲ್ಲೆಯ ನಿಮ್ಮಕೂರೆಂಬ ಹಳ್ಳಿಯಲ್ಲಿ ೧೯೨೩ರಲ್ಲಿ ಜನಿಸಿದ ರಾಮರಾಯರು, ಕೈಗೆ ಬಂದ ಸಬ್‌ರಿಜಿಸ್ಟ್ರಾರರ ಉದ್ಯೋಗವನ್ನು ಕೆಲವೇ ವಾರಗಳಲ್ಲಿ ತೊರೆದು ಚಿತ್ರರಂಗವನ್ನು ಸೇರಿದವರು. ೧೯೮೨ರ ಮಾರ್ಚ್ ೨೯ರಂದು ಹೈದರಾಬಾದಿನಲ್ಲಿ ‘ತೆಲುಗುದೇಶಂ’ ಪಕ್ಷವನ್ನು ಸ್ಥಾಪಿಸಿದಾಗ ಅವರಿಗೆ ಅರುವತ್ತು ಸಮೀಪಿಸಿದ್ದಿತು. ಮುಂದಿನ ಚುನಾವಣೆ ಬರುವುದರೊಳಗೆ, ಐದೇ ವರ್ಷಗಳ ಅವಧಿಯಲ್ಲಿ, ಆಂಧ್ರಪ್ರದೇಶವು ನಾಲ್ವರು ಮುಖ್ಯಮಂತ್ರಿಗಳನ್ನು ಕಂಡಿದ್ದಿತು. ಏರಿಸುವುದೂ ಇಳಿಸುವುದೂ ದೆಹಲಿಯ ಚಿತ್ತ. ತೆಲುಗರ ಆತ್ಮಗೌರವಕ್ಕೆ ತಗಲಿದ ಈ ನೋವನ್ನೇ ಅವರು ಎತ್ತಿ ಆಡಿದರು. ಹಳೆಯ ಮೋಟಾರು ಬಂಡಿಯೊಂದಕ್ಕೆ ‘ಚೈತನ್ಯರಥ’ವೆಂದು ಹೆಸರಿಟ್ಟು ಊರೂರು ಸುತ್ತಿದರು. ೧೯೮೩ರ ಜನವರಿಯಲ್ಲಿ ೨೯೪ ಸ್ಥಾನಗಳಲ್ಲಿ ೨೦೦ರಷ್ಟು ಅವರ ಪಾಲಾದುವು. ಪಕ್ಷಕ್ಕೆ ಆಗ ವರ್ಷವೂ ತುಂಬಿರಲಿಲ್ಲ.

ಮುಖವೊಂದೇ ಸಾಕಾಗಿದ್ದರೆ ೧೯೮೯ರಲ್ಲಿ ಸೋಲಬೇಕಾಗಿರಲಿಲ್ಲ. ಅದೇ ಮುಖ, ಅದೇ ಕಂಠ. ಆದರೂ ಪಕ್ಷವು ಸೋತಿತು, ಕಲ್ವಕುರ್ತಿ ಕ್ಷೇತ್ರದಲ್ಲಿ ಅವರೂ ಸೋತರು. ಹಾಗೆ ಸೋಲಿಸಿದವರೂ ಚಿತ್ರ ನೋಡಿದ್ದವರೇ ಅಲ್ಲವೆ!

ಅಧಿಕಾರವು ಅವರ ಕೈಯಲ್ಲಿ ಎಂದೂ ನೆಮ್ಮದಿಯಾಗಿ ನಿಲ್ಲಲಿಲ್ಲ. ೧೯೮೪ರ ಆಗಸ್ಟಿನಲ್ಲಿ ರಾಜ್ಯಪಾಲರು ಅವರನ್ನು ಪದಚ್ಯುತಗೊಳಿಸಿದಾಗ, ಅವರ ಕಡೆಯ ಶಾಸಕರು ನಮ್ಮ ಕರ್ನಾಟಕಕ್ಕೆ ಬಂದು ರಾಮಕೃಷ್ಣ ಹೆಗಡೆಯವರ ಸರಕಾರದ ಆಶ್ರಯದಲ್ಲಿ ತಂಗಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ತಿಂಗಳೊಳಗೆ ಪದವಿ ಮರಳಿತು. ಮುಂದೆ ೧೯೯೫ರಲ್ಲಿ ಅವರನ್ನು ಇಳಿಸಿದವರು ಹೊರಗಿನವರಲ್ಲ. ಸ್ವಂತ ಅಳಿಯಂದಿರಾದ ಚಂದ್ರಬಾಬು ನಾಯುಡುರವರು. ೧೯೯೬ರ ಜನವರಿ ೧೮ರಂದು ರಾಮರಾಯರು ಕಾಲವಾದರು.

ಕಿಲೋ ಒಂದಕ್ಕೆ ೨ ರೂಪಾಯಿಯ ಅಕ್ಕಿಯನ್ನು ಬಡವರು ಮರೆತಿಲ್ಲ. ಗೃಹಸ್ಥರಾದ ನಮಗೆ ಅದಕ್ಕಿಂತ ಹೆಚ್ಚು ಸಂಬಂಧಪಟ್ಟುದು ಮತ್ತೊಂದುಂಟು. ಮಿತಾಕ್ಷರ ಪದ್ಧತಿಯಂತೆ ಗಂಡುಮಗುವು ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತಕ್ಕೆ ಹಕ್ಕುದಾರ. ಹೆಣ್ಣುಮಗುವಿಗಾದರೋ, ತಂದೆ ತೀರಿಕೊಂಡ ಮೇಲೆ ಅವನ ಪಾಲಿನಲ್ಲಿ ಒಂದು ಭಾಗ ಮಾತ್ರ. ರಾಮರಾಯರ ಸರಕಾರವು ಶಾಸನವನ್ನು ತಿದ್ದಿ, ೧೯೮೫ರ ಸೆಪ್ಟೆಂಬರ್ ೫ರಿಂದ ಜಾರಿಯಾಗುವಂತೆ, ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕನ್ನು ಕೊಟ್ಟಿತು. ದೇಶದಲ್ಲಿ ಹೀಗೆ ಮಾಡಿದುದು ಆಂಧ್ರವೇ ಮೊದಲು. ಎಂಟು ಗಂಡು, ನಾಲ್ಕು ಹೆಣ್ಣುಮಕ್ಕಳ ತಂದೆ ಆ ಕೆಲಸವನ್ನು ಮಾಡಿದರೆಂಬುದನ್ನೂ ಗಮನಿಸತಕ್ಕದ್ದು.

ಕೊರತೆಯೂ ಇಲ್ಲದಿರಲಿಲ್ಲ. ಆ ದಿನಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಈ ಹಕ್ಕು ದೊರೆಯಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ, ಬೇಸಿಗೆಯ ಲಗ್ನದಲ್ಲಿ ಧಾರೆಯೆರೆಸಿಕೊಂಡ ಅಕ್ಕ ಬರಿಗೈಯಾದಳು, ಮನೆಯಲ್ಲೇ ಉಳಿದಿದ್ದ ತಂಗಿ ಪಾಲುಗಾರಳಾದಳು. ಕರ್ನಾಟಕವು ೧೯೯೪ರಲ್ಲಿ ಇದೇ ತಿದ್ದುಪಡಿಯನ್ನು ತಂದಾಗ ಈ ಕೊರತೆಯನ್ನೂ ಜೊತೆಗೇ ತಂದಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಶಾಸನವಾದಾಗ ಮದುವೆಯ ಭೇದ ಹೋಯಿತು.

ಆದರೂ, ಹಬ್ಬಕ್ಕೆಂದು ತವರಿಗೆ ಬಂದ ಮಗಳಿಗೆ ಅರಿಸಿನ ಕುಂಕುಮದೊಡನೆ ಸೀರೆಯೊಂದನ್ನು ಕೊಟ್ಟು, ಮರುದಿನವೇ ಸಬ್‌ರಿಜಿಸ್ಟ್ರಾರರ ಕಚೇರಿಗೆ ಕರೆದೊಯ್ದು, ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಅಣ್ಣತಮ್ಮಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಪತ್ರವನ್ನು ಓದಿ ನೋಡುವೆನೆಂದು ಕೇಳುವ ಹೆಣ್ಣುಮಗಳನ್ನು ಮನೆಮುರುಕಿಯೆಂದು ಕರೆಯುವುದನ್ನೂ ನಾವು ಕೇಳಿದ್ದೇವೆ.