ಕೊಡಗಿನ ತರುಣರೂ ಎಲೆಕ್ಟ್ರಾನಿಕ್ಸ್ ವಿದ್ಯೆಯೂ

ಕೊಡಗಿನ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು ಸೆಂಟುಗಳ ಲೆಕ್ಕದಲ್ಲಿ ಅಳೆದು ಬರೆದಿಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದನ್ನು ನಮ್ಮ ವಾಚಕರು ಬಲ್ಲರು. ಆದರೆ ಆ ಪುಸ್ತಕಕ್ಕಿರುವ ಗೌರವವು, ಅದೇ ಮನೆಯ ಹುಡುಗನೋ ಹುಡುಗಿಯೋ ಮಳೆಯನ್ನು ತಾನಾಗಿ ಎಣಿಸುವ ಯಂತ್ರವೊಂದನ್ನು ಮಾಡಹೊರಟಾಗ ಆ ಪ್ರಯತ್ನಕ್ಕೆ ದೊರೆಯುವುದು ಅಪರೂಪ. ಸೋಲ್ಡರಿಂಗ್ ಐರನ್ನಿನ ಹೊಗೆ ಕಂಡೊಡನೆ ಪರೀಕ್ಷೆಯ ಓದು ಕೆಟ್ಟಿತೆಂದು ಹಿರಿಯರು ಗದರಿಸುವರು. ಈ ವಿಷಯದಲ್ಲಿ ನಾವು ಮಕ್ಕಳ ಪಕ್ಷದವರು.

ಅಂತಹ ಮಳೆಮಾಪಕದ ರಚನೆ ಸರಳವಾದುದು. ಆಲಿಕೆಯಿಂದಿಳಿದ ನೀರು ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದನ್ನು ತುಂಬುತ್ತದೆ; ತುಂಬಿದ ಬಟ್ಟಲು ವಾಲಿ ಬರಿದಾಗುವಾಗ ಅದರೊಡನಿರುವ ಆಯಸ್ಕಾಂತವು ಸಣ್ಣ ಸ್ವಿಚ್ಚೊಂದನ್ನು ಕ್ಷಣಕಾಲ ಮುಚ್ಚುತ್ತದೆ; ಆ ಸಂಜ್ಞೆಯನ್ನು ಮೈಕ್ರೋಕಂಟ್ರೋಲರು ಎಣಿಸುತ್ತದೆ. ಕಾಗದದ ಮೇಲೆ ಇಷ್ಟೇ. ಕಟ್ಟಿ ನೋಡಿದಾಗಲಾದರೋ ಬಟ್ಟಲು ಒಂದು ಸಲ ವಾಲಿದರೆ ಯಂತ್ರವು ಮೂರು ಎಂದು ಎಣಿಸೀತು! ಲೋಹದ ನಾಲಗೆಗಳು ಕೂಡುವಾಗ ಒಮ್ಮೆಗೇ ನಿಲ್ಲದೆ ಮಿಲಿಸೆಕೆಂಡಿನಷ್ಟು ಕಾಲ ಪುಟಿಯುವುದೇ ಇದಕ್ಕೆ ಕಾರಣ. ಒಂದು ರೆಸಿಸ್ಟರನ್ನೂ ಕೆಪಾಸಿಟರನ್ನೂ ಸೇರಿಸಿಯೋ, ಪ್ರೋಗ್ರಾಮಿನಲ್ಲಿ ಕೊಂಚ ಕಾಯುವಂತೆ ಮಾಡಿಯೋ ಇದನ್ನು ಸರಿಪಡಿಸಬಹುದು. ಅದು ಮುಗಿಯುವಷ್ಟರಲ್ಲಿ ಕೊಡಗಿನ ಜೂನ್ ಮಾಸ ಬಂದಿರುತ್ತದೆ. ವಾರಗಟ್ಟಲೆ ಸೂರ್ಯನನ್ನು ಕಾಣದ ಸೋಲಾರ್ ಫಲಕವು ಬ್ಯಾಟರಿಯನ್ನು ತುಂಬಲಾರದು. ತೇವವು ಪೆಟ್ಟಿಗೆಯನ್ನು ಹೊಕ್ಕು ಬೆಸುಗೆಗಳನ್ನು ಹಸುರುಗಟ್ಟಿಸುವುದು. ಇವುಗಳೊಡನೆ ಒಂದು ಮಳೆಗಾಲ ಸೆಣಸಿದ ವಿದ್ಯಾರ್ಥಿಯು ಹಾರ್ಡ್‌ವೇರ್ ಇಂಜಿನಿಯರನ ಕೆಲಸವನ್ನು ಆಗಲೇ ಆರಂಭಿಸಿದ್ದಾನೆಂದು ನಾವು ಹೇಳುತ್ತೇವೆ.

ಹವ್ಯಾಸವನ್ನು ಕಾಲಹರಣವೆನ್ನುವವರು ನೆರೆಯ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರನ್ನು ನೆನೆಯಬೇಕು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಇಂಜಿನಿಯರರಲ್ಲ. 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ನಡೆಯಿಸಿದರು. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಭಾರತದ ಪ್ರಸಾರಸಂಸ್ಥೆಯು ಧರಿಸಿತು.

ಹವ್ಯಾಸವೊಂದೇ ಸಾಕೆಂದು ನಮ್ಮ ವಾದವಲ್ಲ. ಗಣಿತವೂ ಸರ್ಕಿಟ್ ಸಿದ್ಧಾಂತವೂ ಇಲ್ಲದವನು ಕಂಡದ್ದನ್ನು ಅನುಕರಿಸಬಲ್ಲನೇ ಹೊರತು ಹೊಸದನ್ನು ರಚಿಸಲಾರನು. ಈ ವೃತ್ತಿಯಲ್ಲಿ ಆರಂಭದ ಸಂಬಳವು ಸಾಫ್ಟ್‌ವೇರಿನವರಿಗಿಂತ ಅನೇಕ ವೇಳೆ ಕಡಮೆಯೆಂಬುದನ್ನೂ ಮುಚ್ಚಿಡತಕ್ಕದ್ದಲ್ಲ. ಆದರೆ ಬೆಂಗಳೂರಿಗೆ ಕೆಲಸವನ್ನರಸಿ ಹೋದ ಪದವೀಧರನನ್ನು, ನೀನು ಏನು ಕಟ್ಟಿದೆ, ಅದು ಏಕೆ ಕೆಟ್ಟಿತು, ಹೇಗೆ ಕಂಡುಹಿಡಿದೆ ಎಂದು ಕೇಳಿದರೆ, ಅಂಕಪಟ್ಟಿಯು ಅವನ ಪರವಾಗಿ ಉತ್ತರ ಕೊಡಲಾರದು.

ನಾಡಿಗೂ ಇದರ ಅಗತ್ಯವಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಬೆಟ್ಟಗಳು ಕುಸಿದುದನ್ನು ಯಾರು ಮರೆತಾರು? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿರುವುದು ಶ್ಲಾಘನೀಯವೇ. ಆದರೆ ಬೆಟ್ಟದ ಒಂದು ಮಗ್ಗುಲಿನ ಮಳೆ ಇನ್ನೊಂದು ಮಗ್ಗುಲಿಗಿಲ್ಲ. ಪಂಚಾಯಿತಿಗೆ ಒಂದು ಮಾಪಕವು ಎಲ್ಲ ಇಳಿಜಾರುಗಳ ಸಂಗತಿಯನ್ನು ಹೇಳಲಾರದು. ಊರೂರಿನಲ್ಲಿಯೂ ಮಾಪಕಗಳು ಬೇಕು; ಕೆಟ್ಟೊಡನೆ ರಿಪೇರಿ ಮಾಡಬಲ್ಲ ಊರಿನವರೇ ಬೇಕು.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನವುಂಟು. ಹಣ ಬಂದೆಡೆಯಲ್ಲಿಯೂ ಬೀರುವಿನ ಬೀಗ ತೆರೆಯದಿದ್ದರೆ ಪ್ರಯೋಜನವೇನು? ಉಪಕರಣ ಮುರಿದರೆ ಲೆಕ್ಕಪತ್ರದಲ್ಲಿ ಯಾರು ಹೊಣೆಯೆಂಬ ಅಂಜಿಕೆ ಅಧ್ಯಾಪಕರನ್ನು ಕಾಡುವುದಾದರೆ, ಮಕ್ಕಳ ಕೈಯಲ್ಲಿ ಮುರಿದುದು ಸಹಜವಾದ ವೆಚ್ಚವೆಂದು ವಿದ್ಯಾ ಇಲಾಖೆಯವರು ಸ್ಪಷ್ಟವಾದ ಆಜ್ಞೆ ಹೊರಡಿಸಲಿ. ಕುಶಾಲನಗರ, ಪೊನ್ನಂಪೇಟೆಗಳ ಇಂಜಿನಿಯರಿಂಗ್ ಕಾಲೇಜುಗಳವರು ಶನಿವಾರದ ಮಧ್ಯಾಹ್ನ ಒಂದು ಮೇಜನ್ನೂ ಒಂದು ಆಸಿಲೋಸ್ಕೋಪನ್ನೂ ಶಾಲಾಮಕ್ಕಳಿಗೆ ಬಿಟ್ಟುಕೊಡಲಿ. ತೋಟದ ಯಜಮಾನರು ತಮ್ಮ ಹಳೆಯ ಮಳೆಮಾಪಕದ ಪಕ್ಕದಲ್ಲಿ ಮಕ್ಕಳು ಕಟ್ಟಿದುದಕ್ಕೆ ಒಂದು ಮೊಳ ಜಾಗ ಕೊಟ್ಟು, ಎರಡರ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಿಸಲಿ. ಇವೆಲ್ಲವೂ ಬರುವ ಮುಂಗಾರಿಗೆ ಮೊದಲೇ ಆಗಬೇಕು.