ನಮ್ಮ ಹೊಸ ವರ್ಷ ಅಲ್ವಂತೆ!

ಜನವರಿ 1 ಬಂತು, ವಾಟ್ಸಾಪಲ್ಲಿ ಮತ್ತೆ ಅದೇ ಉಪದೇಶ: ಇದು ನಮ್ಮ ಹೊಸ ವರ್ಷ ಅಲ್ಲ, ಯುಗಾದಿಯೇ ನಮ್ದು. ಕಳಿಸೋರು ಬಹುತೇಕ ನನ್ನಂಥ ಬೆಂಗಳೂರು ಟೆಕ್ಕಿಗಳೇ.

ಸ್ವಾಮಿ, ಮಧುಗಿರಿ ಸೀಮೆಯ ನಮ್ಮ ವಳ್ಳೂರಿನ ಕಡೆ ಬನ್ನಿ. ರೈತರು ಬಿತ್ತನೆಗೆ ನೋಡೋದು ಮಳೆ ನಕ್ಷತ್ರ. ಅದು ಸೂರ್ಯನ ಲೆಕ್ಕ. ಭರಣಿ ಮಳೆ ಪ್ರತಿವರ್ಷ ಏಪ್ರಿಲ್ 27ರ ಆಸುಪಾಸಲ್ಲೇ ಹುಟ್ಟುತ್ತೆ. ಚಂದ್ರನನ್ನ ನಂಬಿದ ಯುಗಾದಿಯೋ, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. ಹೊಲದ ಲೆಕ್ಕಕ್ಕೆ ಹತ್ತಿರದ ನೆಂಟ ನೀವು ಬೈಯೋ ಇಂಗ್ಲಿಷ್ ಕ್ಯಾಲೆಂಡರೇ! ಹೊನ್ನಾರು ಹೂಡೋಕೆ ಯುಗಾದಿ, ಕಡ್ಲೇಕಾಯಿ ಬಿತ್ತೋಕೆ ಮಳೆ ನಕ್ಷತ್ರ, ಡೇರಿ ಬಟವಾಡೆಗೆ ಇಂಗ್ಲಿಷ್ ತಾರೀಖು. ಮೂರೂ ಒಂದೇ ಮನೇಲಿ ಜಗಳವಿಲ್ಲದೆ ಬಾಳ್ತಿವೆ.

ಅಂದಹಾಗೆ ಸಂಸ್ಕೃತಿರಕ್ಷಕರೇ, ಹೋದ ವರ್ಷ ಹೊಸತೊಡಕಿಗೆ ಊರಲ್ಲಿದ್ರಾ, ರಿಲೀಸ್ ಇದೆ ಅಂತ ಲ್ಯಾಪ್‌ಟಾಪ್ ಮುಂದಿದ್ರಾ?