ಬೂಸಾ ಬ್ಯಾಡ, ಪುಸ್ತಕ ಕೊಡ್ರಿ

ಪಟ್ಟಣದಾಗ ಮನಿ ಖಾಲಿ ಮಾಡುವವರಿಗೆ ಹಳ್ಳಿ ಸಾಲಿ ನೆನಪಾಗತದ. ಮಗ ಪಾಸಾಗಿ ಬಿಟ್ಟ ಗೈಡು, ಹಾಳೆ ಉದುರಿದ ವಾರಪತ್ರಿಕೆ, ಯಾವುದೋ ಕಂಪನಿಯ ಹಳೇ ಡೈರಿ, ದಪ್ಪನೆಯ ತೆರಿಗೆ ಕಾನೂನು, ಎಲ್ಲ ಕಟ್ಟಿ 'ಬಡ ಮಕ್ಕಳು ಓದಲಿ' ಎಂದು ಕಳಿಸುತ್ತಾರೆ. ರದ್ದಿಯವನೂ ಒಲ್ಲೆನೆಂದದ್ದು ನಮ್ಮ ಹುಡುಗರ ತಲೆಗೆ. ಮ್ಯಾಲೆ ಒಂದು ಹಾರ, ಒಂದು ಶಾಲು, ಒಂದು ಫೋಟೋ. ಇದಕ್ಕೆ ದಾನ ಅನ್ನುವವರು ಅನ್ನಲಿ, ನಾವು ಅನ್ನುವುದಿಲ್ಲ.

೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಆ ಜಗಳ ಇರಲಿ. ಸಾಲಿ ಕಪಾಟಿಗೆ ಬಂದು ಬೀಳುವ ಈ ಬೂಸಾವನ್ನು ನಮ್ಮ ಭೀಮಾ ತೀರದ ಎತ್ತು ಕೂಡ ಮೂಸುವುದಿಲ್ಲ. ತೊಗರಿ ಹೊಟ್ಟಿಗಾದರೂ ರುಚಿ ಅದ.

ಜೇವರ್ಗಿ ತಾಲೂಕಿನ ನೆಲೋಗಿಯ ಮಾತು ಎತ್ತಿರುವುದು ಇದಕ್ಕೇ. ೨೦೦೪ರಿಂದ ೨೦೦೬ರ ತನಕ ರಾಜ್ಯ ಆಳಿದ ಧರ್ಮಸಿಂಗ್ ಅವರ ಊರಿದು. ಮುಖ್ಯಮಂತ್ರಿಯನ್ನೇ ಕೊಟ್ಟ ಊರು ಹರಕು ಗೈಡಿಗೆ ಕೈ ಒಡ್ಡಬೇಕೆ? ಇಲ್ಲಿ ಸಾಲಿ ಗ್ರಂಥಾಲಯ ಕಟ್ಟೋಣ, ದೇಣಿಗೆ ಎತ್ತಿಯೇ ಕಟ್ಟೋಣ. ಆದರೆ ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಕೈಯಲ್ಲಿ ಹಿಡಿದು ಕಟ್ಟೋಣ. ಪ್ರತಿ ಶಾಲೆಯಲ್ಲಿ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕವೂ ಇರಬೇಕು ಎಂದು ಅಲ್ಲಿ ಬರೆದಿದೆ. ೨೦೧೮ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ೫ ಸಾವಿರ ರೂಪಾಯಿ ತನಕ ಗ್ರಂಥಾಲಯ ಅನುದಾನ ಇಟ್ಟರು. ಅದು ಬಂತೇ, ಬಂದರೆ ಯಾವ ಪುಸ್ತಕವಾಯಿತು ಎಂದು ಎಸ್.ಡಿ.ಎಂ.ಸಿ. ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ನಮ್ಮ ದೇಣಿಗೆ ಸರ್ಕಾರ ನುಸುಳಿಕೊಳ್ಳುವ ಹಿತ್ತಲ ಬಾಗಿಲಾಗಬಾರದು.

ಇನ್ನು ಏನು ಕೇಳಬೇಕು? ನಮ್ಮ ಕಡೆಯ ಸಾಲಿಗಳಿಗೆ ಹೊಲೆಯರ, ಮಾದಿಗರ, ಕಬ್ಬಲಿಗರ, ಕುರುಬರ ಮಕ್ಕಳು ಬರುತ್ತಾರೆ. ತಾಂಡಾದ ಹುಡುಗಿಯ ಮನೆಮಾತು ಲಂಬಾಣಿ, ಅವಳ ಪಕ್ಕ ಕೂತವಳದು ದಖನಿ ಉರ್ದು. ಇವರ್ಯಾರೂ ದಾನದ ಪುಸ್ತಕದಾಗ ಕಾಣಂಗಿಲ್ಲ. ಕಂಡರೂ ಆಳಾಗಿ, ಕಳ್ಳನಾಗಿ, ಇಲ್ಲವೇ ಅಯ್ಯೋ ಪಾಪ ಅನ್ನಿಸಿಕೊಳ್ಳುವವರಾಗಿ. ಹಾಗಾಗಿ ಹೆಸರು ಹಿಡಿದು ಕೇಳಬೇಕು. ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು ಗೀತಾ ನಾಗಭೂಷಣ 'ಬದುಕು' ಬರೆದು ೨೦೦೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರಲ್ಲ, ಆ ಪುಸ್ತಕ ದೊಡ್ಡ ತರಗತಿಯ ಹುಡುಗಿಯರ ಕೈಗೆ ಬರಲಿ. ಚೆನ್ನಣ್ಣ ವಾಲೀಕಾರ, ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ದೇವನೂರರ 'ಒಡಲಾಳ' ಬರಲಿ. ಸಣ್ಣವರಿಗೆ ಬಣ್ಣದ ಚಿತ್ರದ ಪುಸ್ತಕ, ಉರ್ದು ಪುಸ್ತಕ. ಪಂಪ, ಕುಮಾರವ್ಯಾಸ ಬ್ಯಾಡ ಅಂತ ನಾವು ಅನ್ನಂಗಿಲ್ಲ. ಅವರೂ ಇರಲಿ, ನಮ್ಮವರ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ. ಊರಾಗ ಆಗದ ಸಹಪಂಕ್ತಿ ಕಪಾಟಿನೊಳಗಾದರೂ ಆಗಲಿ.

ದಾನವೆಲ್ಲ ಕೆಟ್ಟದ್ದೆಂದು ನಾವು ಹೇಳಿಲ್ಲ. ಹುಡುಗ ಭೀಮರಾವ್ ಪರೀಕ್ಷೆ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಅವನ ಕೈಗಿತ್ತರು. ಮನೆ ಗುಡಿಸಿ ತಂದು ಕೊಟ್ಟದ್ದಲ್ಲ, ಹುಡುಗನ ಮುಖ ನೋಡಿ ಕೊಟ್ಟದ್ದು. ಆ ಹುಡುಗ ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಲಕ್ಷಗಟ್ಟಲೆ ಜನರೊಂದಿಗೆ ಬುದ್ಧನ ಕಡೆ ನಡೆದ. ಅಂಥ ಒಂದು ಪುಸ್ತಕ ಕೊಡ್ರಿ, ನೂರು ಬ್ಯಾಡ.

ಕೊಡುವವರು ಪಟ್ಟಣದವರೇ ಆಗಬೇಕೆಂದೇನೂ ಇಲ್ಲ. ಹಳೇ ಜೇವರ್ಗಿ ತಾಲೂಕೆಂದರೆ ಕಡಕೋಳ ಮಡಿವಾಳಪ್ಪನವರ ನೆಲ, ಚನ್ನೂರ ಜಲಾಲಸಾಹೇಬರ ನೆಲ. ಅಕ್ಷರ ಬಾರದ ಅಜ್ಜಿಯರ ಬಾಯಲ್ಲಿ ತತ್ವಪದ ಇವೆ, ಬೀಸುವ ಪದ ಇವೆ, ಅಲಾಯಿ ಹಬ್ಬದ ರಿವಾಯತ್ ಪದ ಇವೆ. ಮಕ್ಕಳು ಕೂತು ಬರೆದುಕೊಳ್ಳಲಿ, ದಾರ ಹಾಕಿ ಹೊಲಿಯಲಿ. ಹೇಳಿದವಳ ಹೆಸರು ರಟ್ಟಿನ ಮೇಲೆ ಇರಲಿ, ಆ ಪುಸ್ತಕಕ್ಕೂ ನಂಬರು ಬೀಳಲಿ. ದೇಣಿಗೆ ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ ಆಗಲಿ.

ಕಡೆಗೆ ಕೀಲಿಯ ಮಾತು. ಎಷ್ಟೋ ಕಡೆ ಪುಸ್ತಕ ಬಂದಿವೆ, ಕಪಾಟು ತೆರೆದಿಲ್ಲ. ಮಾಸ್ತರರ ಅಂಜಿಕೆ ನಮಗೆ ಗೊತ್ತು: ಹರಿದರೆ, ಕಳೆದರೆ ಲೆಕ್ಕ ಕೊಡುವವರು ಯಾರು? ಮಾಸ್ತರರೇ, ಹರಿದ ಪುಸ್ತಕ ಓದಿದ ಪುಸ್ತಕ. ಗೆದ್ದಲು ತಿಂದದ್ದಕ್ಕೆ ಯಾರು ಲೆಕ್ಕ ಕೊಟ್ಟಾರ? ಕೀಲಿ ಮಕ್ಕಳ ಕೈಗೆ ಕೊಡ್ರಿ, ಕೇರಿಯ ಹುಡುಗಿಗೂ ಅದರ ಪಾಳಿ ಬರಲಿ. ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ಮಕ್ಕಳ ಗಂಟಿನಾಗ ಎರಡು ಪುಸ್ತಕ ಹೋಗಲಿ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಮ್ಮ ಓಣಿಯ ಗೆಳೆಯರಿಗೂ ಒಂದು ಮಾತು ಅದ. ಏಪ್ರಿಲ್ ೧೪ಕ್ಕೆ ಡಿಜೆ, ಕಟೌಟು, ಹಾರಕ್ಕೆಂದು ಪಟ್ಟಿ ಎತ್ತುತ್ತೇವಲ್ಲ, ಈ ಸಲ ಅದರಾಗ ಅರ್ಧ ಬದಿಗೆ ಇಡೋಣ. ಒಂದು ಕಪಾಟು ಬರತದ. ಬಾಗಿಲಿಲ್ಲದ್ದು ಮಾಡಿಸೋಣ.